ಹಾರೆಯ ಸದ್ದು

॥ ಶ್ರೀ ಬೀರೇಶ್ವರ ಪ್ರಸನ್ನ ॥

ಪುನರ್ವಸತಿ ಕೇಂದ್ರ, ಅನಗವಾಡಿ
ತಾ. ಬೀಳಗಿ
೧೬ ಸೆಪ್ಟೆಂಬರ್ ೨೦೧೪

ನನ್ನ ಮಗಳು ಮಾಯಾಳಿಗೆ,

ನಿನ್ನ ಅಪ್ಪ ಗಿರಮಲ್ಲಪ್ಪನ ಮನಸ್ಸು ತುಂಬಿದ ಆಶೀರ್ವಾದ. ನಾನು, ನಿನ್ನ ಅವ್ವ ಇಬ್ಬರೂ ಗಟ್ಟಿಯಾಗಿದ್ದೇವೆ. ನೀನು ಆ ಹಿಮಾಚಲದ ಚಳಿಯಲ್ಲಿ ಹೇಗಿದ್ದೀ? ನಿನ್ನ ಪತ್ರ ಬಂದು ಶ್ರಾವಣವೇ ಕಳೆಯಿತು, ಉತ್ತರ ಬರೆಯಲಿಲ್ಲ. ಸಿಟ್ಟಾಗಬೇಡ. "ಒಂದು ಫೋನ್ ಹಚ್ಚರಿ, ಎರಡು ಮಾತಾಡಿ ಮುಗಸ್ರಿ" ಎಂದು ನಿನ್ನ ಅವ್ವ ದಿನಾ ಕಾಡಿದಳು. ಫೋನ್ ಹಚ್ಚಿದರೆ ನಿನ್ನ ಕಡೆ ಸಿಗ್ನಲ್ ಇರುವುದಿಲ್ಲ, ನನ್ನ ಕಡೆ ಧೈರ್ಯ ಇರುವುದಿಲ್ಲ. ಯಾಕೆಂದು ಕೊನೆಗೆ ನಿನಗೇ ತಿಳಿಯುತ್ತದೆ.

ಮೊದಲು ನಿನ್ನ ಫೋಟೋದ ಮಾತು. ಹಳದಿ ಹೆಲ್ಮೆಟ್ಟು, ಮೊಣಕಾಲ ತನಕ ಕೆಸರು, ಕೈಯಲ್ಲಿ ಹಾರೆ! ಸುರಂಗದ ಎರಡೂ ಬಾಯಿ ಕೂಡಿದ ದಿನ ಕೆಲಸದವರೆಲ್ಲ ಸೇರಿ ನಿನ್ನ ಕೈಯಿಂದಲೇ ಕಾಯಿ ಒಡೆಸಿದರೆಂದು ಬರೆದಿದ್ದೀ. ಈಗ ಎರಡನೆಯ ಸುರಂಗವನ್ನೂ ನಿನಗೇ ವಹಿಸಿದ್ದಾರಂತೆ. ಆ ಫೋಟೋ ಜೇಬಿನಲ್ಲಿಟ್ಟುಕೊಂಡು ಬೀಳಗಿ ಸಂತೆಗೆ ಹೋದೆ. ಉಳ್ಳಾಗಡ್ಡಿ ಮಾರುವವನನ್ನೂ ಬಿಡಲಿಲ್ಲ. "ಇಕಿ ನನ್ನ ಮಗಳು, ಎಂಜಿನಿಯರ್. ಅಪ್ಪ ಸುರಂಗದಾಗಿನ ಕಲ್ಲ ಹೊತ್ತ, ಮಗಳು ಇಡೀ ಸುರಂಗಾನ ಹೊತ್ತಾಳ ನೋಡು" ಎಂದೆ. ಅವನು, "ಕಾಕಾ, ಉಳ್ಳಾಗಡ್ಡಿ ಒಯ್ತೀರೋ, ಬರೇ ಮಗಳನ್ನ ತೋರಸ್ತೀರೋ?" ಎಂದ. ಬೇಕಾಗದಿದ್ದರೂ ಎರಡು ಕಿಲೊ ತಂದೆ.

ಇನ್ನು ಇಲ್ಲಿಯ ಸುದ್ದಿ. ನಮ್ಮ ಜೋಡೆತ್ತು ಪಂದ್ಯಕ್ಕೆ ಇಳಿಯಿತು!

ನೆನಪಿದೆಯಲ್ಲ? ಘಟ್ಟದ ಸುರಂಗದ ಕೆಲಸ ಮುಗಿದಾಗ ಅಲ್ಲಿಯ ದೊಡ್ಡ ಎಂಜಿನಿಯರ್ ಪಿಂಟೊ ಸಾಹೇಬರು, "ಗಿರಮಲ್ಲ, ನನಗೆ ವಯಸ್ಸಾಯಿತು, ಇದನ್ನು ನೀನೇ ಇಟ್ಟುಕೋ" ಎಂದು ಕೊಟ್ಟ ಹಾಯಿದೋಣಿ. ಅಕ್ಕಪಕ್ಕ ಎರಡು ಸಪೂರ ದೋಣಿ, ಅವನ್ನು ಕೂಡಿಸುವ ಎರಡು ಅಡ್ಡಪಟ್ಟಿ, ನಡುವೆ ಕೂರಲು ಬಿಗಿದ ಬಟ್ಟೆ, ಮೇಲೊಂದು ಹಾಯಿ. ಲಾರಿಯಿಂದ ಇಳಿಸಿದ ದಿನ ಊರವರು, "ಇದೇನೋ ನೊಗಕ್ಕ ಹೂಡಿದ ಎತ್ತಿನಂಗ ಐತಲ್ಲೋ" ಎಂದು ಬಿದ್ದು ಬಿದ್ದು ನಕ್ಕಿದ್ದರು. ಹೆಸರು ಅದೇ ಉಳಿಯಿತು. ಕೆಲವು ವರ್ಷ ಕೋಳಿಗಳು ಅದರ ಮೇಲೆ ಮಲಗಿದವು. ಆಮೇಲೆ ಆಲಮಟ್ಟಿಯ ಹಿನ್ನೀರು ತಾನಾಗಿಯೇ ನಮ್ಮ ಹೊಲಕ್ಕೆ ಬಂತು, ನಾವು ಮನೆಮಾರು ಕಿತ್ತುಕೊಂಡು ಮೇಲೆ ಬಂದೆವು. ನಾವು ಜೋಳ ಬಿತ್ತುತ್ತಿದ್ದ ಜಾಗದ ಮೇಲೆಯೇ ನೀನು ಹಾಯಿಯ ಹಗ್ಗ ಹಿಡಿಯಲು ಕಲಿತೆ.

ಹೋದ ಭಾನುವಾರದ ಹಿಂದಿನ ಭಾನುವಾರ ಪಂದ್ಯ. ಹೈದರಾಬಾದ್, ಮುಂಬೈ, ಗೋವಾ ಕಡೆಯಿಂದ ಇಂಥವೇ ಏಳು ಜೋಡಿದೋಣಿ ಬಂದಿದ್ದವು. ನೀರಿನಲ್ಲಿ ಮೂರು ಕಡೆ ಪೀಪಾಯಿ ತೇಲಿಬಿಟ್ಟಿದ್ದರು. ಅವುಗಳನ್ನು ಮೂರು ಸುತ್ತು ಬಳಸಿ ಬರಬೇಕು. ಬೆಳಿಗ್ಗೆ ಒಂದು ಪಂದ್ಯ, ಮಧ್ಯಾಹ್ನ ಒಂದು, ಎರಡನ್ನೂ ಕೂಡಿಸಿ ಮುಂದಿದ್ದವರಿಗೆ ಬಹುಮಾನದ ಕಪ್ಪು. ನನ್ನ ಜೊತೆ ಹಗ್ಗ ಹಿಡಿದವರು ಯಾರು ಗೊತ್ತೇ? ನಿನ್ನ ಅವ್ವ! ಇಳಕಲ್ ಸೀರೆಗೆ ಕಚ್ಚೆ ಹಾಕಿ, ಅದರ ಮೇಲೆ ಅವರು ಕೊಟ್ಟ ಕಿತ್ತಳೆ ಬಣ್ಣದ ತೇಲುವ ಜಾಕೀಟು ಬಿಗಿದು ಕುಂತಳು. ಮುಂಬೈಯ ತರುಣನೊಬ್ಬ ಮುಸಿಮುಸಿ ನಕ್ಕ. "ನಗಪಾ, ನಗು. ಕುರಿ ಕಾಯೋರಿಗೆ ಗಾಳಿ ಎತ್ತ ತಿರಗತೈತಿ ಅಂತ ಯಾರೂ ಕಲಸೂದ ಬ್ಯಾಡ" ಎಂದಳು. ಪಾಪ, ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ.

ಎರಡನೆಯ ಸುತ್ತಿನಲ್ಲಿ ಎಲ್ಲರೂ ಮುಳುಗಿದ ಹಳೆಯ ಊರಿನ ದಿಬ್ಬಕ್ಕೆ ಹೆದರಿ ದೂರದಿಂದ ಬಳಸಿ ಹೋದರು. ನಮ್ಮ ಹೊಲದ ಒಡ್ಡಿನ ಮೇಲೆ ಎಷ್ಟು ನೀರಿದೆಯೆಂದು ನಮಗೆ ಗೊತ್ತಿಲ್ಲವೇ? "ಎತ್ರಿ, ಎತ್ರಿ, ಚುಕ್ಕಾಣಿ ಮ್ಯಾಲಕ್ಕೆತ್ರಿ!" ಎಂದು ನಿನ್ನ ಅವ್ವ ಕೂಗಿದಳು, ನಾನು ಎತ್ತಿದೆ, ಜೋಡೆತ್ತು ಒಡ್ಡಿನ ಮೇಲಿಂದ ಸರ್ರನೆ ಹಾದುಹೋಯಿತು. ಎಲ್ಲರಿಗಿಂತ ಮೊದಲು ಬಂದೆವು, ಮಗಳೇ! ದಂಡೆಯ ಮೇಲಿದ್ದ ನಮ್ಮ ಮಂದಿ ಹೊಡೆದ ಸಿಳ್ಳೆ ಅನಗವಾಡಿ ಸೇತುವೆಯ ಆಚೆಗೂ ಕೇಳಿಸಿರಬೇಕು. ನನಗೆ ಕಣ್ಣು ತುಂಬಿ ಬಂತು.

ಊಟಕ್ಕೆಂದು ದೋಣಿಯನ್ನು ದಂಡೆಗೆ ಎಳೆದೆವು. ನನ್ನ ಕೈಯ ಚಟ ನಿನಗೆ ಗೊತ್ತೇ ಇದೆ. ಸುರಂಗದಲ್ಲಿ ಮದ್ದು ಹಾರಿಸಿದ ಮೇಲೆ ಮೊದಲು ಒಳಗೆ ಹೋಗುವವನು ಮೇಸ್ತ್ರಿ; ಹಾರೆಯಿಂದ ತಲೆ ಮೇಲಿನ ಬಂಡೆ ಬಡಿದು ಕೇಳಬೇಕು. ಖಣ್ ಎಂದರೆ ಗಟ್ಟಿ. ಬದ್ ಎಂದರೆ ಸಡಿಲ, ಎಲ್ಲರೂ ಹೊರಗೆ. ವರ್ಷಗಟ್ಟಲೆ ಅದನ್ನೇ ಮಾಡಿದ ಕೈ ಸುಮ್ಮನಿರುವುದೇ? ಕಲ್ಲಂಗಡಿ ಹಣ್ಣು, ಪಕ್ಕದ ಮನೆಯ ಹೊಸ ಬಾಗಿಲು, ನಿನ್ನನ್ನು ನೋಡಲು ಬಂದಿದ್ದ ಗಂಡಿನ ಮೋಟಾರ್ ಸೈಕಲ್ಲು, ಎಲ್ಲ ಬಡಿದು ನೋಡಿದವನು ನಾನು. ದೋಣಿಯನ್ನೂ ಬೆರಳಿನ ಗೆಣ್ಣಿನಿಂದ ಬಡಿದೆ. ಬಲದ ಎತ್ತು ಗಟ್ಟಿಯಾಗಿತ್ತು. ಎಡದ್ದು, ಅಡ್ಡಪಟ್ಟಿ ಕೂಡುವ ಜಾಗದಲ್ಲಿ, ಬದ್ ಎಂದಿತು.

ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಒಂದು ಗೀರೂ ಇಲ್ಲ. ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಇನ್ನು ಮುಕ್ಕಾಲು ಗಂಟೆ ತಡೆದರೆ ಸಾಕು, ಕಪ್ಪು ನಮ್ಮದು. ಮತ್ತೆ ಬಡಿದೆ. ಮತ್ತೆ ಅದೇ ಸದ್ದು.

"ಏನಂತೈತ್ರಿ?" ಎಂದು ನಿನ್ನ ಅವ್ವ ಕೇಳಿದಳು.

"ಏನಿಲ್ಲ."

ಅವಳು ಕೈಯಲ್ಲಿದ್ದ ರೊಟ್ಟಿಯನ್ನು ಬುತ್ತಿಯೊಳಗೆ ಮರಳಿ ಇಟ್ಟಳು. "ಆವತ್ತೂ ಹಿಂಗ 'ಏನಿಲ್ಲ' ಅಂದಿದ್ರಿ. ನೀವು ಕುಂಡ್ರು ಅಂದ್ರ ನಾ ಈಗೂ ದೋಣ್ಯಾಗ ಕುಂಡ್ರತೇನಿ. ಆದ್ರ ಖರೇ ಹೇಳಿ ಕುಂಡ್ರಸ್ರಿ" ಎಂದಳು.

ಎದ್ದು ಪಂದ್ಯ ನಡೆಸುವ ಬೆಳಗಾವಿಯ ಮೇಡಂ ಹತ್ತಿರ ಹೋದೆ. "ನಮ್ಮ ದೋಣಿ ಇಳಿಯೂದಿಲ್ರಿ. ಎಡಗಡೆ ಒಳಗ ಬಿಟ್ಟೈತಿ" ಎಂದೆ. ಅವರು ಕಣ್ಣರಳಿಸಿ, "ಚೆನ್ನಾಗೇ ಇದೆಯಲ್ಲಾ ಕಾಕಾ, ನೀವು ಗೆಲ್ಲುವವರು!" ಎಂದರು. ನಾನೇ ಚಾಕು ತರಿಸಿ ಆ ಜಾಗವನ್ನು ಕೊಯ್ದು ತೋರಿಸಿದೆ. ದೋಣಿಯ ಹೊದಿಕೆಯೊಳಗೆ ತುಂಬಿದ್ದ ಸ್ಪಂಜು ಕೊಳೆತು ನೀರು ಕುಡಿದಿತ್ತು, ಅಂಗೈಯಗಲ ಬಿರುಕು. ನಡುನೀರಿನಲ್ಲಿ ಜೋರಾದ ಗಾಳಿ ಸಿಕ್ಕಿದ್ದರೆ ಅಡ್ಡಪಟ್ಟಿ ಕಿತ್ತು ಬರುತ್ತಿತ್ತು. ನಿನ್ನ ಅವ್ವನಿಗೆ ಈಜು ಬರುವುದಿಲ್ಲ.

ಮುಂದಿನದನ್ನು ಕೇಳು. ಬೆಳಿಗ್ಗೆ ನಕ್ಕಿದ್ದನಲ್ಲ, ಅದೇ ಮುಂಬೈಯವನು ಬಂದು ಕೈ ಮುಗಿದು, "ಚಾಚಾ, ಹಮಾರಾ ಭೀ ದೇಖೋ" ಎಂದು ತನ್ನ ದೋಣಿಯನ್ನೂ ಬಡಿದು ನೋಡಲು ಕೇಳಿದ. ಅವನ ಹಿಂದೆ ಹೈದರಾಬಾದಿನವರು. ಅವರ ಹಿಂದೆ ಗೋವಾದವರು. ಏಳು ದೋಣಿ ದಂಡೆಯ ಮೇಲೆ ಸಾಲಾಗಿ ಮಲಗಿದವು, ಲಕ್ಷಗಟ್ಟಲೆ ಬೆಲೆಯ ದೋಣಿಗಳು! ಅವುಗಳ ಒಡೆಯರು ಉಸಿರು ಬಿಗಿಹಿಡಿದು ಈ ಕುರುಬನ ಬೆರಳಿನ ಗೆಣ್ಣನ್ನೇ ನೋಡುತ್ತ ನಿಂತರು. ಗೋವಾದ ಒಂದು ದೋಣಿಯನ್ನು ನಾನು ಬೇಡವೆಂದೆ. ಅವರು ಎದುರು ಮಾತಾಡದೆ ಹಿಂದೆ ಎಳೆದರು. ಪಂದ್ಯ ಒಂದು ಗಂಟೆ ತಡವಾಗಿ ಶುರುವಾಯಿತು. ಕಪ್ಪು ಹೈದರಾಬಾದಿಗೆ ಹೋಯಿತು, ಹೋಗಲಿ. ಇಷ್ಟು ಹೆಮ್ಮೆ ನನಗೆ ಬೆಳಗಿನ ಗೆಲುವಿನಲ್ಲೂ ಆಗಿರಲಿಲ್ಲ. ಮನೆಗೆ ಬರುವಾಗ ನಿನ್ನ ಅವ್ವ ದಾರಿಯುದ್ದಕ್ಕೂ, "ಒಡ್ಡಿನ ಮ್ಯಾಲ ಹಾಯಿಸಿದ್ದು ನನ್ನ ಬುದ್ಧಿ, ಅದನ್ನೂ ಬರೀರಿ ಮಗಳಿಗೆ" ಎಂದಳು. ಬರೆದಿದ್ದೇನೆ.

ಹೊಟ್ಟೆ ತುಂಬ ಉಣ್ಣು. ಕಾಲು ಬೆಚ್ಚಗಿಟ್ಟುಕೋ. ನಿನ್ನ ತಲೆಯ ಮೇಲಿನ ಬಂಡೆ ಯಾವಾಗಲೂ ಖಣ್ ಎನ್ನಲಿ, ಬೀರಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಗಿರಮಲ್ಲಪ್ಪ

ತಾ.ಕ.: ಲಕೋಟೆ ಅಂಟಿಸಿಬಿಟ್ಟಿದ್ದೆ. "ಬರೀಬೇಕಾದ್ದ ಬರದಿಲ್ಲ ನೀವು" ಎಂದು ನಿನ್ನ ಅವ್ವ ಅದನ್ನು ಹರಿದು ಮುಂದಿಟ್ಟಳು. ನಿನ್ನ ಪತ್ರದ ಕೊನೆಯಲ್ಲಿ ಒಂದು ಮಾತಿದೆ: 'ನನ್ನ ಕಾಲ್ಗುಣದಿಂದ ಮತ್ತೆ ಯಾರಿಗೂ ಏನೂ ಆಗದಿರಲಿ ಎಂದು ದಿನಾ ಸುರಂಗದ ಬಾಯಲ್ಲಿ ನಿಂತು ತಪ್ಪು ಕೇಳಿಕೊಂಡೇ ಒಳಗೆ ಹೋಗುತ್ತೇನೆ ಅಪ್ಪಾ.' ಅದಕ್ಕೆ ಉತ್ತರ ಬರೆಯುವ ಧೈರ್ಯವೇ ನನಗೆ ಬಂದಿರಲಿಲ್ಲ.

ಆಗ ನಿನಗೆ ಹತ್ತು ವರ್ಷ. ಹೆಣ್ಣು ಕಾಲಿಟ್ಟರೆ ಸುರಂಗಕ್ಕೆ ಕೇಡು ಎಂದು ನಾವೆಲ್ಲ ನಂಬಿದ್ದ ಕಾಲ. ನೀನು ನನ್ನ ಬುತ್ತಿ ಹಿಡಿದು ನಾಲ್ಕೇ ಹೆಜ್ಜೆ ಒಳಗೆ ಬಂದಿದ್ದೆ. ಅದೇ ಮಧ್ಯಾಹ್ನ ಬಂಡೆ ಬಿದ್ದು ಗುರುಸಿದ್ದ ಕಾಕಾನ ಕಾಲು ಹೋಯಿತು. "ಹುಡಿಗಿ ಕಾಲ್ಗುಣ" ಎಂದರು ಎಲ್ಲರೂ. ನಾನು ಅವರೆಲ್ಲರ ಮುಂದೆ ನಿನ್ನ ಕೆನ್ನೆಗೆ ಹೊಡೆದೆ.

ಮಗಳೇ, ನೀನು ಬರುವ ಮೊದಲೇ ನಾನು ಹಾರೆ ಬಡಿದಿದ್ದೆ. ಬಂಡೆ ಬದ್ ಎಂದಿತ್ತು. ಆಚೆ ಬಾಯಿಂದ ಕೊರೆಯುತ್ತಿದ್ದ ಗ್ಯಾಂಗಿಗೂ ನಮಗೂ ಯಾರು ಮುಂದೆ ಎಂಬ ಜಿದ್ದು. ನಾವು ಎರಡು ಗಜ ಮುಂದಿದ್ದೆವು. "ಏನಿಲ್ಲ, ನಡೀರಿ ಒಳಗ" ಎಂದುಬಿಟ್ಟೆ.

ನಿನ್ನೆ ಲೋಕಾಪುರಕ್ಕೆ ಹೋಗಿ ಗುರುಸಿದ್ದನ ಮುಂದೆ ಎಲ್ಲ ಹೇಳಿದೆ. ಅವನು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡ. ಆಮೇಲೆ, "ಆ ಸದ್ದು ನನಗೂ ಕೇಳಿತ್ತಲೇ ಗಿರಮಲ್ಲಾ. ನಿನ್ನ ಮಾತಿನ ಮ್ಯಾಲ ಒಳಗ ಹೋದ್ನಿ. ನನ್ನ ಕಾಲಿಂದು ಬಿಡು, ಹ್ವಾದದ್ದು ಹ್ವಾತು. ಆ ಕೂಸಿಗೆ ಹೇಳೀಯೇನು?" ಎಂದ.

ಈಗ ಹೇಳಿದ್ದೇನೆ. ನನ್ನ ತಪ್ಪನ್ನು ಹದಿನೇಳು ವರ್ಷ ನಿನ್ನ ಕಾಲಿಗೆ ಕಟ್ಟಿ ಸುಮ್ಮನಿದ್ದೆ. ನನ್ನನ್ನು ಕ್ಷಮಿಸುವುದು ಬಿಡುವುದು ನಿನ್ನ ಇಷ್ಟ. ಆದರೆ ನಾಳೆ ಸುರಂಗದ ಬಾಯಲ್ಲಿ ನಿಲ್ಲಬೇಡ, ಯಾರಲ್ಲೂ ತಪ್ಪು ಕೇಳಬೇಡ. ಹಾರೆ ಹಿಡಿದು ಸೀದಾ ಒಳಗೆ ನಡೆ.