ಕೋರಿ ದ್ವೀಪದ ಮೂರು ಹೊಗೆ

ಅಕ್ಟೋಬರ್ 3, 1996. ಬೆಳಿಗ್ಗೆ 6.40

ಸ್ಟಾನ್ಲಿ ಬಂದರು ಬಿಟ್ಟು ಎರಡನೇ ದಿನ. ಪಡುವಣ ಗಾಳಿ. ಹದಿನಾಲ್ಕು ಪೀಪಾಯಿ ಡೀಸೆಲ್, ಹಿಟ್ಟಿನ ಚೀಲಗಳು, ಒಂದು ಹೊಲಿಗೆ ಯಂತ್ರ, ಎರಡು ಟಗರು. ಟಗರುಗಳಿಗೆ ಕಡಲು ಆಗಿಬರುವುದಿಲ್ಲ. ನನ್ನ ಸಹಾಯಕ ಡಂಕನ್‌ಗೆ ಟಗರು ಆಗಿಬರುವುದಿಲ್ಲ. ಹಡಗಿನಲ್ಲಿ ನಾವಿಬ್ಬರೇ ಮನುಷ್ಯರು, ಟಗರುಗಳದ್ದೇ ಗಲಾಟೆ.

11.15

ಕೋರಿ ದ್ವೀಪದ ಗುಡ್ಡದ ಮೇಲೆ ಹೊಗೆ. ಮೂರು. ಸಮ ಅಂತರದಲ್ಲಿ. ಈ ಗಾಳಿಗೂ ನೆಟ್ಟಗೆ.

ರೇಡಿಯೋ ಬರುವ ಮೊದಲು ನಮ್ಮ ದ್ವೀಪಗಳು ಮಾತಾಡುತ್ತಿದ್ದದ್ದೇ ಹೀಗೆ. ಒಂದು ಹೊಗೆಯೆಂದರೆ ಟಪಾಲು ಇದೆ. ಎರಡು, ಹಡಗು ಬೇಕು. ಮೂರು, ಜೀವಕ್ಕೆ ಕುತ್ತು ಬಂದಿದೆ, ತಕ್ಷಣ ಬನ್ನಿ.

ಕೋರಿಯಲ್ಲಿ 1921ರಿಂದ ಯಾರೂ ಇಲ್ಲ. ಕುರಿಯೂ ಇಲ್ಲ. ರೀವ್ ಕುಟುಂಬದ ಮನೆಯಲ್ಲಿ ಉಳಿದಿರುವುದು ಚಿಮಣಿ ಮಾತ್ರ.

ಆ ಕಡೆ ಏನಾದರೂ ಕಾಣುತ್ತಾ ಎಂದು ಡಂಕನ್‌ನನ್ನು ಕೇಳಿದೆ. ಬಹಳ ಹೊತ್ತು ನೋಡಿದ.

"ಗುಡ್ಡ ಕಾಣುತ್ತೆ, ಗುಡ್ಡದ ಮೇಲೆ ಆಕಾಶ ಕಾಣುತ್ತೆ. ಇನ್ನೇನು ಬೇಕಿತ್ತು ಸ್ಕಿಪರಮ್ಮ, ಬಿಸಿನೀರು, ಹಾಸಿಗೆ?"

ಆಮೇಲೆ ಟಗರುಗಳನ್ನು ನೋಡಿ ಬರುತ್ತೇನೆ ಎಂದು ಕೆಳಗೆ ಹೋದ. ಟಗರುಗಳನ್ನು!

ಇದನ್ನು ಹಡಗಿನ ಲಾಗ್‌ಬುಕ್‌ನಲ್ಲಿ ಬರೆಯಲಿಲ್ಲ.

ಅಕ್ಟೋಬರ್ 4

ಯಾಕೆ ಬರೆಯಲಿಲ್ಲ? ಪ್ರಾಮಾಣಿಕವಾಗಿ ಕೇಳಿಕೊಂಡರೆ — 24ನೇ ತಾರೀಖಿಗೆ ವೈದ್ಯರ ಪರೀಕ್ಷೆ. ಕಣ್ಣು, ಕಿವಿ, ತಲೆ. ಅವರು ಸಹಿ ಹಾಕದಿದ್ದರೆ ಈ ಹಡಗು, 'ಮಾರಿಯನ್', ನನ್ನ ಕೈ ತಪ್ಪುತ್ತದೆ. ಮುತ್ತಜ್ಜ 1867ರಲ್ಲಿ ಇಲ್ಲಿಗೆ ಬಂದು ಹುಲ್ಲುಹೆಂಟೆಯ ಗುಡಿಸಲು ಕಟ್ಟುವ ಮೊದಲೇ ದೋಣಿ ಕಟ್ಟಿದವನಂತೆ. ಅಂದಿನಿಂದ ಈ ಕಡಲಲ್ಲಿ ಟಾರಂಟ್ ಮನೆಯವರೊಬ್ಬರು ಚುಕ್ಕಾಣಿ ಹಿಡಿದೇ ಇದ್ದಾರೆ. ಈ ವರ್ಷದಿಂದ ನಾನು. ಇಲ್ಲದ ಹೊಗೆ ಕಾಣುವ ಹೆಂಗಸಿಗೆ ಯಾರು ಹಡಗು ಕೊಡುತ್ತಾರೆ?

ಅಕ್ಟೋಬರ್ 10

ವಾಪಸಾಗುವಾಗಲೂ ಮೂರು. ಡಂಕನ್ ಇಡೀ ಹೊತ್ತು ಹಗ್ಗ ಸುತ್ತುತ್ತಿದ್ದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ.

ಅಕ್ಟೋಬರ್ 14. ಸ್ಟಾನ್ಲಿ

ಒಟಿಲಿ ಅತ್ತೆಯ ಮನೆಗೆ ಹೋದೆ. ಎಂಬತ್ತೆಂಟು ವರ್ಷ. ಕೋರಿ ಎಂದ ಕೂಡಲೇ ಕೇಕು ಕತ್ತರಿಸುವುದನ್ನು ನಿಲ್ಲಿಸಿದಳು. ಮತ್ತೆ ಅದೇ ಹಳೆಯ ಕಥೆ ಹೇಳಿದಳು: ಅಕ್ಟೋಬರ್ ಎಂದರೆ ಎಲ್ಲ ಕಡೆ ಒಣಹುಲ್ಲು ಸುಡುವ ಕಾಲ, 1921ರಲ್ಲಿ ಕೋರಿಯಲ್ಲಿ ಎದ್ದ ಹೊಗೆಯನ್ನು ನನ್ನಜ್ಜ ಅದೇ ಎಂದುಕೊಂಡರು, ಯಾರಿಗಾದರೂ ಆಗುವ ತಪ್ಪು.

ಅವಳು ನಿದ್ದೆ ಹೋದ ಮೇಲೆ ಅವಳ ಹಳೆಯ ಪೆಟ್ಟಿಗೆ ತೆರೆದೆ. ಅಜ್ಜನ ಲಾಗ್‌ಬುಕ್. ಅಕ್ಟೋಬರ್ 17, 1921: "ಕೋರಿಯಲ್ಲಿ ಮೂರು ಹೊಗೆ. ಹಾರ್ನ್ ಹಾಕಿ ಉತ್ತರ ಕೊಟ್ಟೆ. ಹೊಗೆ ಆರಿಸಿದರು. ಮೊದಲು ಉಣ್ಣೆ ಇಳಿಸಿ ನಾಳೆ ಹೋಗುವುದು."

ಅದಾದ ಮೇಲೆ ಆರು ದಿನ ಏನೂ ಬರೆದಿಲ್ಲ.

ಅಜ್ಜನಿಗೆ ಕಂಡಿತ್ತು. ಉತ್ತರವನ್ನೂ ಕೊಟ್ಟಿದ್ದರು. ಉತ್ತರ ಕೊಟ್ಟ ಹಡಗು ಹೋಗಲೇಬೇಕು, ಯಾಕೆಂದರೆ ಹಾರ್ನ್ ಕೇಳಿಸಿಕೊಂಡವರು ಬೆಂಕಿ ಆರಿಸುತ್ತಾರೆ. ಆಮೇಲೆ ಬೇರೆ ಯಾರಿಗೂ ಕಾಣುವುದಿಲ್ಲ. ಅವರು ನಮ್ಮನ್ನು ನಂಬಿ ಬೆಂಕಿ ಆರಿಸಿ ಕೂತರು. ಏಳನೇ ದಿನ ಹೋದಾಗ ರೀವ್‌ನ ಹೆಂಡತಿ ಹೆರಿಗೆಯಲ್ಲಿ ಸತ್ತಿದ್ದಳು, ಕೂಸೂ ಸತ್ತಿತ್ತು. ರೀವ್ ಸಿಗಲಿಲ್ಲ. ಅವನ ಟೊಪ್ಪಿ ಕಲ್ಲುಕಟ್ಟೆಯ ಮೇಲಿತ್ತಂತೆ.

ಅಕ್ಟೋಬರ್ 17. 11.05

ಮೂರು.

ಹೋಗದಿದ್ದರೆ ನನ್ನ ಹಡಗು ಉಳಿಯುತ್ತದೆ. ಅಜ್ಜನಿಗೂ ಉಳಿದಿತ್ತು.

ಹಾರ್ನ್ ಹಾಕಿದೆ. ಉದ್ದಕ್ಕೆ, ಎರಡು ಸಲ.

11.20

ಮೊದಲು ಎಡಗಡೆಯ ಹೊಗೆ ನಿಂತಿತು. ನಂತರ ನಡುವಿನದು. ಕೊನೆಗೆ ಬಲಗಡೆಯದು. ಯಾರೋ ನಡೆದುಕೊಂಡು ಹೋಗಿ ಒಂದೊಂದಾಗಿ ಆರಿಸಿದ ಹಾಗೆ.

ಡಂಕನ್ ಪಕ್ಕದಲ್ಲೇ ನಿಂತಿದ್ದ. ಟೊಪ್ಪಿ ತೆಗೆದ.

"ಆರಿಸಿಬಿಟ್ರು," ಅಂದ.

ನಿನಗೂ ಕಾಣುತ್ತಿತ್ತಾ ಎಂದು ಕೇಳಿದೆ.

"ಪ್ರತಿ ಅಕ್ಟೋಬರ್‌ನಲ್ಲೂ. ನಮ್ಮಪ್ಪನಿಗೂ ಕಾಣ್ತಿತ್ತು. ಎಲ್ರಿಗೂ ಕಾಣುತ್ತೆ ಹೆಸ್ಟರ್. ಟಾರಂಟ್ ಮನೆಯವರ ಮುಂದೆ ಮಾತ್ರ ಆ ಮಾತು ಎತ್ತಬಾರದು ಅಂತಿದ್ರು."

"ಬೇರೆ ಯಾರೂ ಉತ್ತರ ಕೊಡಲಿಲ್ವಾ?"

"ಅವರು ಕರೀತಿದ್ದದ್ದು ನಮ್ಮನ್ನಲ್ಲ."

ಎಪ್ಪತ್ತೈದು ವರ್ಷ. ಇಡೀ ಊರು ನಮಗೆ ಮರ್ಯಾದೆ ಕೊಟ್ಟು ಸುಮ್ಮನಿತ್ತು. ಅದು ಮರ್ಯಾದೆಯಾ?

13.10

ಲಂಗರು ಹಾಕಿ ಆಯಿತು. ಕಿರುದೋಣಿ ನೀರಲ್ಲಿದೆ, ಡಂಕನ್ ಹುಟ್ಟು ಹಿಡಿದು ಕೂತಿದ್ದಾನೆ. ಲಾಗ್‌ಬುಕ್‌ನಲ್ಲಿ ಎಲ್ಲ ಬರೆದೆ. ಹೊಗೆ, ಹಾರ್ನ್, ಸಮಯ. ಕೆಳಗೆ ಸಹಿ. 24ಕ್ಕೆ ವೈದ್ಯರು ಓದಿಕೊಳ್ಳಲಿ. ಔಷಧಿ ಪೆಟ್ಟಿಗೆ ತೆಗೆದುಕೊಂಡೆ, ಬಿಳಿ ಬಟ್ಟೆ, ಕತ್ತರಿ.

ಕಲ್ಲುಕಟ್ಟೆಯ ತುದಿಗೆ ಒಬ್ಬ ಗಂಡಸು ಬಂದು ನಿಂತಿದ್ದಾನೆ. ಬರಿತಲೆ. ನಮ್ಮ ಹಗ್ಗ ಹಿಡಿಯಲು ಕೈ ಚಾಚಿದ್ದಾನೆ. ಅವನ ಹಿಂದೆ ಚಿಮಣಿ ಇದ್ದ ಕಡೆ ಒಂದು ಮನೆ. ಬಾಗಿಲು ತೆರೆದಿದೆ. ಇಷ್ಟು ದೂರಕ್ಕೂ ಕೇಳುತ್ತಿದೆ, ಒಳಗಿನಿಂದ ಹೆಂಗಸೊಬ್ಬಳ ಹೆರಿಗೆ ನೋವಿನ ಕೂಗು —