ಚಹಾದ ಲೋಟದಲ್ಲಿ ಕಬ್ಬಿಣ

ಜುಲೈ 2, ಬೆಳಿಗ್ಗೆ 7.15
ಸೊಸೆ ಅಂಜನಾಳಿಗೆ ಕಬ್ಬಿಣದ ಮಾತ್ರೆ ಕೊಟ್ಟದ್ದಾಯಿತು. ಐದು ತಿಂಗಳ ಗರ್ಭಿಣಿ, ಹಿಮೋಗ್ಲೋಬಿನ್ 9.1. ಬರಿಯ ನೀರಿನೊಡನೆ ಕೊಟ್ಟರೆ ವಾಕರಿಕೆ. ಆದ್ದರಿಂದ ಕಡು ಚಹಾದೊಡನೆ. ನಾನೇ ಕುದಿಸಿ, ನಾನೇ ಎದುರಿಗೆ ನಿಂತು.

ಆಶಾ ಕಾರ್ಯಕರ್ತೆ ಮಾರೆಮ್ಮ ಬಂದಿದ್ದಳು. ಕುರುಗೋಡು ಶಾಲೆಯ ನನ್ನ ವಿದ್ಯಾರ್ಥಿನಿ. ವಿಜ್ಞಾನದಲ್ಲಿ ಎರಡು ಸಲ ಅನುತ್ತೀರ್ಣೆ.
"ಟೀಚರಮ್ಮ, ಚಾದ ಜೋಡಿ ಗುಳಿಗಿ ಕೊಡಬ್ಯಾಡ್ರಿ. ಮೈಗೆ ಹತ್ತಂಗಿಲ್ಲ ಅಂತ ಟ್ರೇನಿಂಗ್‌ನ್ಯಾಗ ಹೇಳ್ಯಾರ."
ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವಳಿಗೆ ಈ ಉಪದೇಶ. "ನಿನ್ನ ಅಂಕಪಟ್ಟಿ ಇನ್ನೂ ನೆನಪಿದೆ" ಎಂದೆ.
"ನನಗೂ ನೆನಪೈತ್ರಿ" ಎಂದು ನಕ್ಕು ಹೋದಳು.

ಆಗಸ್ಟ್ 6
8.4. ಇಳಿದಿದೆ. ಮಾತ್ರೆ ಉಗುಳುತ್ತಿದ್ದಾಳೆ — ಬೇರೆ ಕಾರಣವಿರಲಾರದು. ಕೇಳಿದೆ.
"ಇಲ್ಲತ್ತಿ, ನಿಮ್ಮ ಮುಂದ ನುಂಗ್ತೀನಲ್ಲ."
ಹಾಸಿಗೆ ಜಾಡಿಸಿದೆ. ಹಿತ್ತಲ ಮೋರಿ ನೋಡಿದೆ. ಏನೂ ಸಿಗಲಿಲ್ಲ.

ಆಗಸ್ಟ್ 27
7.9. ನುಂಗಿ, ಆಮೇಲೆ ಬೇಕೆಂದೇ ವಾಂತಿ ಮಾಡುತ್ತಿರಬೇಕು... ತೆಕ್ಕಲಕೋಟೆಗೆ ಫೋನ್ ಮಾಡಿ ಅವಳ ತಂದೆ ಗಾದಿಲಿಂಗಪ್ಪನವರಿಗೆ ಹೇಳಿದೆ: ನಿಮ್ಮ ಮಗಳು ಸುಳ್ಳುಗಾರ್ತಿ. ಸಂಜೆಯೇ ಬಂದು ಕರೆದೊಯ್ದರು. ಮಗ ಗವಿಸಿದ್ದೇಶ್ ನನ್ನೊಡನೆ ಮಾತು ಬಿಟ್ಟಿದ್ದಾನೆ.

ಸೆಪ್ಟೆಂಬರ್ 12
ಬಳ್ಳಾರಿಯ ಆಸ್ಪತ್ರೆಯಲ್ಲಿ ಅಂಜನಾಳ ತಪಾಸಣೆ. ನಾನೂ ಹೋಗಿದ್ದೆ. 7.4. ಏಳಕ್ಕಿಂತ ಕೆಳಗಾದರೆ ರಕ್ತ ಏರಿಸಬೇಕು, ಹೆರಿಗೆಯಲ್ಲಿ ಜೀವಕ್ಕೇ ಅಪಾಯ ಎಂದರು.
"ಗುಳಿಗಿ ಹೆಂಗ ತಗೊಂತೀಯವ್ವ?" — ಡಾಕ್ಟರ್ ಐಶ್ವರ್ಯ, ಚಿಕ್ಕ ವಯಸ್ಸಿನವರು.
"ಚಾದ ಜೋಡಿ ರೀ. ತವರುಮನ್ಯಾಗೂ ಹಂಗ."
ಚಹಾದ ಒಗರಿನಲ್ಲಿರುವ ಟ್ಯಾನಿನ್, ಏಡಿ ತನ್ನ ಕೊಂಡಿಗಳಲ್ಲಿ ಹಿಡಿಯುವಂತೆ, ಕಬ್ಬಿಣವನ್ನು ಹಿಡಿಯುತ್ತದೆಯಂತೆ. ಈ ಹಿಡಿತಕ್ಕೆ ಕೀಲೇಷನ್ ಎಂದು ಹೆಸರು. ಕರುಳಿಗೆ ಬಿಟ್ಟುಕೊಡದೆ ಹೊರಗೆ ಒಯ್ಯುತ್ತದೆ. ನಿಂಬೆಯ ರಸವೂ ಹಿಡಿಯುತ್ತದೆ. ಸಡಿಲವಾಗಿ, ಕರುಳಿನವರೆಗೆ ತಂದು ಬಿಡುತ್ತದೆ. ಹಿಮೋಗ್ಲೋಬಿನ್ನಿನಲ್ಲಿ ಕಬ್ಬಿಣ ನಿಂತಿರುವುದೂ ಅಂಥದೇ ಹಿಡಿತದಲ್ಲಿ. ಅದನ್ನು ಕಲಿಸಿದ್ದೇನೆ. ಚಹಾದ ಈ ಹಿಡಿತವನ್ನು ಓದಿರಲಿಲ್ಲ.
"ಚಾ ಕುಡಿ ಅಂತ ಯಾರು ಹೇಳಿದ್ರು?" ಎಂದರು ಡಾಕ್ಟರ್.
ಅಂಜನಾ ನೆಲ ನೋಡಿದಳು. "ನಾನ ರೂಢಿ ಮಾಡ್ಕೊಂಡೀನ್ರಿ."
ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಸೆಪ್ಟೆಂಬರ್ 13, ಬೆಳಿಗ್ಗೆ
ಉಳಿದಿದ್ದ ಒಂದು ಮಾತ್ರೆಯನ್ನು ಪುಡಿಮಾಡಿ ಚಹಾಕ್ಕೆ ಹಾಕಿದೆ. ಕದಡಿದೆ. ಶಾಯಿಯಂತೆ ಕಪ್ಪಾಯಿತು. ಪ್ರತಿದಿನ ಅವಳಿಗೆ ಕುಡಿಸಿದ್ದು ಇದು.

ಸೆಪ್ಟೆಂಬರ್ 29
ತೆಕ್ಕಲಕೋಟೆಗೆ ಹೋಗಿದ್ದೆ. ಹದಿನಾರು ದಿನ ಏಕೆ ಬೇಕಾದವು — ಬರೆಯಲಾರೆ. ಪಡಸಾಲೆಯಲ್ಲಿ ನಿಂತೇ ಗಾದಿಲಿಂಗಪ್ಪನವರಿಗೆ ಹೇಳಿದೆ: ಸುಳ್ಳು ನಿಮ್ಮ ಮಗಳದಲ್ಲ, ಚಹಾ ಕುಡಿಸಿದವಳು ನಾನು.
"ಬಿಡ್ರಿ ಟೀಚರಮ್ಮ. ಬೀಗರ ಮನ್ಯಾಗ ನಿಂತು ಪಾಠ ಮಾಡಬಾರ್ದು, ಕುಂದರ್ರಿ."
ಈಗ 7.8. ಏರುತ್ತಿದೆ.

ಮಾತ್ರೆಯ ಹೊತ್ತಾಯಿತು. ಅಂಜನಾ ನಿಂಬೆ ನೀರಿನೊಡನೆ ನುಂಗಿದಳು. ಲೋಟ ಕೆಳಗಿಟ್ಟು ನನ್ನ ಬಳಿ ಬಂದಳು. ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದಳು.

ಈ ದಿನಚರಿಯಲ್ಲಿಯೂ ಬರೆಯದೆ ಬಿಟ್ಟ ವಿಷಯ. ಆಗಸ್ಟಿನ ಆ ಮೂರು ವಾರ ಪ್ರತಿದಿನ ಬೆಳಿಗ್ಗೆ ಹಾಗೆ ಮಾಡಿಸಿದ್ದೆ. ಬೆರಳು ಹಾಕಿಯೂ ನೋಡಿದ್ದೆ.

"ಇದೇನವ್ವ ಇದು?" ಎಂದರು ಅವಳ ತಂದೆ.

ಅವಳು ಬಾಯಿ ಮುಚ್ಚಲಿಲ್ಲ. ನಾನು ಸಾಕು ಎನ್ನುವವರೆಗೆ ಕಾಯುತ್ತಿದ್ದಳು. "ಸಾಕು" ಎಂದೆ, ಅವಳ ತಂದೆಯತ್ತ ತಿರುಗಿ, "ಇದನ್ನೂ ಕಲಿಸಿದವಳು ನಾನೇ" ಎಂದೆ.