ಅಣ್ಣ ಕುಡಿದಿರಲಿಲ್ಲ, ಮಾವ

ಅಕ್ಕರೆಯ ಮಾವನಿಗೆ,

ತೊಗಲಿನ ಕಾರ್ಖಾನೆಯ ಕೊಳಚೆ ಗುಂಡಿ ತೊಳೆಯಲು ಇಳಿದು ಸತ್ತ ಇಬ್ಬರೂ ಕುಡಿದಿದ್ದರು ಎಂದು ನೀವು ಸದನದಲ್ಲಿ ಸುಳ್ಳು ಹೇಳಿದಿರಿ. ಅವರಲ್ಲೊಬ್ಬ ನಿಮ್ಮ ಅಕ್ಕನ ಮಗ, ನನ್ನ ಅಣ್ಣ. ಇನ್ನೊಬ್ಬ, ಅಣ್ಣ ಕುಸಿದದ್ದು ಕಂಡು ಎತ್ತಲು ಇಳಿದ ಜೊತೆಗಾರ. ಇಬ್ಬರನ್ನೂ ಕೊಂದದ್ದು ಗುಂಡಿಯೊಳಗಿನ ವಿಷಗಾಳಿ. ಅದು ಎಂಥದ್ದೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಂತ್ರಿಯಾಗುವ ಮೊದಲು ಅದೇ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ತೊಗಲು ತೊಳೆದವರು ನೀವು.

ಅಂದು ಗೇಟಿನ ಮುಂದೆ ಡ್ರಮ್ಮು ಹತ್ತಿ ನೀವು ಕೂಗಿದ್ದು ನೆನಪಿದೆ: "ಗುಂಡಿ ಅಷ್ಟು ಚೆನ್ನಾಗಿದ್ರೆ ಮೊದ್ಲು ಮಾಲೀಕರೇ ಇಳೀಲಿ. ಹಗ್ಗ ನಾವು ಹಿಡ್ಕೋತೀವಿ. ಕೈ ಜಾರಲ್ಲ ಅಂತ ಮಾತ್ರ ಹೇಳೋಕಾಗಲ್ಲ!" ಜನ ಬಿದ್ದು ಬಿದ್ದು ನಕ್ಕರು. ಆ ಒಂದು ಮಾತು ನಿಮ್ಮನ್ನು ನಗರಸಭೆಗೆ, ಅಲ್ಲಿಂದ ಸದನಕ್ಕೆ ಹೊತ್ತುಕೊಂಡು ಹೋಯಿತು. ಅಣ್ಣನ ಹೆಗಲ ಮೇಲೆ ಕೂತು ನಾನದನ್ನು ಕೇಳಿದ್ದೆ.

ಆಮೇಲೆ ನಿಮ್ಮ ಕಚೇರಿಯಲ್ಲಿ ಕರಪತ್ರ ಮಡಚುತ್ತಾ, ಮಡಚಿದ್ದನ್ನೇ ಬಿಚ್ಚಿ ಓದುತ್ತಾ ಬೆಳೆದೆ. "ಇವಳೇ ನೋಡ್ರೋ, ಮುಂದೆ ನನ್ನ ಕಿವಿ ಹಿಂಡೋಳು" ಎಂದು ನಗುತ್ತಿದ್ದಿರಿ. ಸತ್ತವರ ಮೇಲೆ ತಪ್ಪು ಹೊರಿಸುವುದೇ ಮಾಲೀಕರ ಮೊದಲ ಕೆಲಸ ಎಂದು ಆ ಕರಪತ್ರಗಳು ಹೇಳುತ್ತಿದ್ದವು. ಈ ಸಲ ಆ ಕೆಲಸವನ್ನು ನೀವೇ ಮಾಡಿಕೊಟ್ಟಿರಿ.

ನೀವು ಗೆದ್ದ ದಿನ ಎಲ್ಲರೂ ಗ್ಲಾಸು ಎತ್ತಿದಾಗ ಅಣ್ಣ ಸೋಡಾ ಹಿಡಿದು ನಿಂತಿದ್ದ. "ನನ್ನ ಅಳಿಯನಿಗೆ ಕೆಮ್ಮಿನ ಔಷಧೀನೂ ತಲೆಗೇರುತ್ತೆ ಕಣ್ರೋ" ಎಂದು ಅವನ ಬೆನ್ನು ತಟ್ಟಿದವರು ನೀವು.

ಮಣ್ಣು ಮಾಡಿದ ಮರುವಾರ ಮನೆಗೆ ಬಂದಿರಿ. ಅಮ್ಮ ಚಾಪೆ ಕೊಡವಿ ಹಾಸಿದಳು, ನೀವು ಕೂರಲಿಲ್ಲ. "ಇಲಾಖೆಯವರು ಬರೆದುಕೊಟ್ಟಿದ್ದನ್ನ ಓದಿದೆ ಅಕ್ಕಾ. ಮಂತ್ರಿ ಅಂದ್ಮೇಲೆ ನಾಲಿಗೆ ನಂದಾದ್ರೂ ಮಾತು ಸರ್ಕಾರದ್ದು."

ಅಮ್ಮ ಕೇಳಿದ್ದು ಇಷ್ಟೇ: "ಓದ್ತಾ ಓದ್ತಾ ಅವನ ಹೆಸರು ಬಂತಲ್ಲೋ, ಅಲ್ಲಾದ್ರೂ ನಿಲ್ಲಿಸಬಾರದಿತ್ತಾ?"

ನೀವು ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡಿರಿ.

ಈಗ ಅಮ್ಮ ನಲ್ಲಿಯ ಹತ್ತಿರ ಹೋದರೆ ಅಲ್ಲಿದ್ದವರ ಮಾತು ನಿಲ್ಲುತ್ತದೆ. ಜೊತೆಗಾರನ ಹೆಂಡತಿಗೆ ಅತ್ತೆಯೇ, "ಅವನ ಕುಡಿತ ಬಿಡಿಸೋಕೆ ನಿನ್ನ ಕೈಲಿ ಆಗ್ಲಿಲ್ವಲ್ಲೇ" ಎನ್ನುತ್ತಾಳೆ. ಮಂತ್ರಿ ಹೇಳಿದ ಮೇಲೆ ಹೆತ್ತವಳೂ ನಂಬುತ್ತಾಳೆ, ಮಾವ.

ಸದನದಲ್ಲಿ ಆಡಿದ ಮಾತನ್ನು ಆಡಿದವರೇ ಎದ್ದುನಿಂತು ತಿದ್ದಬಹುದು ಎಂದು ಓದಿ ತಿಳಿದೆ. ನಾವು ಎಷ್ಟು ಕೂಗಿದರೂ ಅದು ಹೆತ್ತ ಕರುಳಿನ ಗೋಳು. ನೀವು ಹೇಳಿದರೆ ನಿಜ. ಪದವಿ ಹೋಗಬಹುದು. ಹೋಗಲಿ ಬಿಡಿ ಎಂದು ಹಗುರವಾಗಿ ಬರೆಯಲು ನನ್ನಿಂದಾಗುತ್ತಿಲ್ಲ. ನೀವು ಅಲ್ಲಿಗೆ ಹೇಗೆ ಏರಿದಿರೆಂದು ಕಂಡವಳು ನಾನು. ಆದರೂ ಕೇಳುತ್ತಿದ್ದೇನೆ.

ನೀವು ತಿದ್ದುವುದನ್ನು ಸದನದ ಗ್ಯಾಲರಿಯಲ್ಲಿ ಕೂತು ಕೇಳಬೇಕು, ಅದರ ಪಾಸಿಗೆ ಶಾಸಕರ ಸಹಿ ಬೇಕಂತೆ. ವಿರೋಧ ಪಕ್ಷದವರು ಮನೆಗೇ ಬಂದು ಕೊಡುತ್ತೇವೆ ಎಂದರು. "ಬೇಡ, ನನ್ನ ತಮ್ಮನೇ ಕೊಡ್ಲಿ" ಎಂದಳು ಅಮ್ಮ. ಅಮ್ಮನಿಗೂ ನನಗೂ ಪಾಸು ಕಳಿಸಿ.

ನಿಮಗೆ ಒಳ್ಳೆಯದಾಗಲಿ. ಸಿಟ್ಟಿನಲ್ಲೂ ಮನಸ್ಸು ಅದನ್ನೇ ಬೇಡುತ್ತದೆ.

ನಿಮ್ಮ ಅಕ್ಕನ ಮಗಳು

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಸದನ ಸೇರುತ್ತದೆ. ಅಲ್ಲೇ ಕಾಣೋಣ.